ಶಫೀಕನ ಬೆಳಕು, ನಮ್ಮವ್ವನ ಸೀರೆ

"ಹೂವು ಅಂತೀರಿ, ಕಲ್ಲಿನ ಮ್ಯಾಲ ಕುಂತೈತಿ. ಬಾಯಿ ಐತಿ ಅಂತೀರಿ, ಏನೂ ಉಣಿಸಬ್ಯಾಡ ಅಂತೀರಿ. ಯಾವುದರ ಒಂದು ಮಾತಿನ ಮ್ಯಾಲ ನಿಂದ್ರರೆವಾ," ಎಂದಳು ನಮ್ಮವ್ವ ಉಡಚವ್ವ, ಗಾಜಿನ ಪೆಟ್ಟಿಗೆಗೆ ಮೂಗು ಹಚ್ಚಿ.

ಹಾಸಿಗೆಯ ಮೇಲೆ ಎಡಮಗ್ಗುಲಾಗಿ ಮಲಗಿದ್ದ ಗುಲ್ನಾಜ ನಗು ತಡೆದುಕೊಂಡು, ಎಲ್ಲವೂ ಖರೇ ಎಂದಳು. ನೋಡಲಿಕ್ಕೆ ಹೂವು, ಆದರೆ ಅದೊಂದು ಪ್ರಾಣಿ, ಹವಳದ ಬಳಗದ್ದು. ನಡುವೆ ಕಾಣುವ ಸಣ್ಣ ಸೀಳೇ ಬಾಯಿ. ಆದರೆ ಅದರ ಮುಖ್ಯ ಊಟ ಬೆಳಕು. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದಂತೆ, ಅದು ಬೆಳಕಿನಲ್ಲಿ ಅಡುಗೆ ಮಾಡಿ ಹೂವಿಗೆ ಬಡಿಸುತ್ತದಂತೆ.

"ಅಂದ್ರ ಅಡಿಗಿಯಾಕಿ ಹೊಟ್ಟಿಯೊಳಗ ಕುಂತಾಳ," ಎಂದಳು ಅವ್ವ. "ಛಲೋ ಆತು ಬಿಡು. ನಮ್ಮ ಮೌನ್ಯಾಗೂ ಅಂಥಾಕಿನ್ನ ಒಬ್ಬಾಕಿನ್ನ ನುಂಗಿಸಿಬಿಡ್ರಿ, ನನಗ ಒಲಿ ಹಚ್ಚೂದು ತಪ್ಪತೈತಿ."

ಮೌನ್ಯಾ ಅಂದರೆ ನಾನು. ಮೌನೇಶ. ಬಡಿಗತನ ಮಾಡುವವ, ಲಗ್ನವಾಗದೆ ಉಳಿದವ. ಆ ಗಾಜಿನ ಪೆಟ್ಟಿಗೆ ನಿಂತಿದ್ದ ಸ್ಟ್ಯಾಂಡು ನಾನು ಮಾಡಿದ್ದು, ಅದಕ್ಕೇ ಅವತ್ತು ನಾನೂ ಅಲ್ಲಿದ್ದೆ. ಗುಲ್ನಾಜ ನನ್ನ ಗೆಳೆಯ ಶಫೀಕನ ಮಗಳು. ಬೆಟಗೇರಿಯಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಅವನು ಲೈಟಿನ ಸರ ಕಟ್ಟುತ್ತಾನೆ, ಈ ಕಡೆ ನಾನು ಉಳಿ ಬಡಿಯುತ್ತೇನೆ, ಹಿಂದಿನ ಓಣಿಯಲ್ಲಿ ನೇಕಾರರ ಮಗ್ಗಗಳು ನಮ್ಮಿಬ್ಬರಿಗೂ ತಾಳ ಹಾಕುತ್ತಿರುತ್ತವೆ. ಅವನಪ್ಪ ಮಹಬೂಬಸಾಬರದು ಮೈಕ್ ಸೆಟ್. ಗದಗ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದಾಗ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲಿ ಮದುವೆಯಾದರೂ ಅವರ ಮೈಕೇ ಕೂಗಬೇಕು. ನಮ್ಮದು ಬೇರೆ ಜಿಲ್ಲೆ ಆದಮೇಲೆ ಮೈಕಿನ ಕಾಲ ಹೋಯಿತು, ಶಫೀಕ ಲೈಟಿಂಗಿಗೆ ಬಿದ್ದ. ಬಣ್ಣದ ಬಲ್ಬು ಹೋಗಿ ಎಲ್‌ಇಡಿ ಬಂದಾಗ ಅದನ್ನೂ ತಾನೇ ಬಿಚ್ಚಿ, ಸುಟ್ಟು, ಬೆರಳು ಸುಟ್ಟುಕೊಂಡು ಕಲಿತ. ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿ ಅವನ ಕಾರ್ಖಾನೆ. ಕಟ್ಟಿದ ಸರಗಳನ್ನೆಲ್ಲ ಅದಕ್ಕೆ ನೇತುಹಾಕಿ ಹಗಲೂ ಹೊತ್ತಿಸಿ ನೋಡುತ್ತಾನೆ. ಅವನ ಹೆಂಡತಿ ಬಾನುಬಿ ಒದ್ದೆ ಬಟ್ಟೆಯ ಬುಟ್ಟಿ ಹಿಡಿದು, ಈ ಮನೆಯಲ್ಲಿ ಬಿಸಿಲಿಗೂ ಬಾಡಿಗೆ ಕೇಳಬೇಕು ಎಂದು ಗೊಣಗಿಕೊಂಡೇ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದಳು.

ಗುಲ್ನಾಜಳನ್ನು ಕಾರವಾರಕ್ಕೆ ಕೊಟ್ಟಿತ್ತು. ಗಂಡ ಮೊಹಸಿನ ಬಂದರಿನಲ್ಲಿ ಮೀನಿನ ಬೋಟುಗಳ ಇಂಜಿನ್ ರಿಪೇರಿ ಮಾಡುವವ, ಮಾತು ಕಡಿಮೆ, ಮೀನು ಸಾಕುವ ಹುಚ್ಚು. ಹೋದ ವರ್ಷ ಗುಲ್ನಾಜಳ ಹೊಟ್ಟೆಯಲ್ಲಿದ್ದ ಕೂಸು ದಿನ ತುಂಬುವ ಮೊದಲೇ ಹೋಯಿತು. ಆಮೇಲೆ ಆಕೆ ಮಾತು ಬಿಟ್ಟಳು. ಬಾನುಬಿ ಹೋಗಿ ತಿಂಗಳುಗಟ್ಟಲೆ ಕೂತು ಬಂದಳು, ಹಾಂ ಹೂಂ ಬಿಟ್ಟು ಏನೂ ಇಲ್ಲ. ಕಡೆಗೆ ಮೊಹಸಿನ ಗೆಳೆಯನೊಬ್ಬನ ಮೀನಿನ ಟಾಕಿಯಲ್ಲಿ ಬೆಳೆದಿದ್ದ ಈ ಕಡಲ ಹೂವಿನ ಒಂದು ಚೂರನ್ನು ತಂದು ಮನೆಯ ಟಾಕಿಯಲ್ಲಿಟ್ಟ. ಆಗ ಅದರಲ್ಲಿ ಇದ್ದದ್ದು ಒಂದೆರಡು ಮೊಗ್ಗು. ಒಂದು ದಿನ ಗಂಡ ಕೆಲಸದಿಂದ ಬಂದಾಗ ಗುಲ್ನಾಜ ತಾನಾಗಿ, ಇನ್ನೊಂದು ಬಾಯಿ ತೆರೆದಿದೆ ನೋಡು ಎಂದಳಂತೆ. ಮೊಹಸಿನ ಅವತ್ತು ರಾತ್ರಿ ಆ ಒಂದು ಮಾತು ಹೇಳಲಿಕ್ಕೇ ಫೋನು ಮಾಡಿದ್ದನೆಂದು ಶಫೀಕ ನನಗೆ ಹೇಳಿದ್ದ.

ಈಗ ಮತ್ತೆ ಬಸುರಿ, ದಿನ ತುಂಬುತ್ತಿದ್ದವು. ಡಾಕ್ಟರು, ಏಳಬೇಡ, ಮಲಗಿಕೊಂಡೇ ಇರು ಎಂದಿದ್ದರು. ತವರಿಗೆ ಬರುತ್ತೇನೆ, ಆದರೆ ಟಾಕಿ ಬಿಟ್ಟು ಬರುವುದಿಲ್ಲ ಎಂದಳು ಗುಲ್ನಾಜ. ಮೊಹಸಿನ ಬಾಡಿಗೆ ಗಾಡಿ ಮಾಡಿ, ಕಡಲ ನೀರನ್ನು ಕ್ಯಾನುಗಳಲ್ಲಿ ತುಂಬಿ, ಕಿತ್ತಳೆ ಬಣ್ಣದ ಎರಡು ಮೀನು, ಕಲ್ಲು, ಹೂವು, ಹೆಂಡತಿ ಎಲ್ಲರನ್ನೂ ಕರೆದುಕೊಂಡು ಘಟ್ಟ ಹತ್ತಿ ಬಂದ. ಎಲ್ಲವೂ ಬದುಕಿ ಬಂದವು, ಟಾಕಿಯ ದೀಪ ಒಂದನ್ನು ಬಿಟ್ಟು. ದಾರಿಯಲ್ಲಿ ಎಲ್ಲೋ ಉಪ್ಪುನೀರು ಅದರೊಳಗೆ ಇಳಿದಿತ್ತು. ಇಲ್ಲಿ ಪ್ಲಗ್ಗಿಗೆ ಹಾಕಿದ್ದೇ ಟಪ್ಪೆಂದು ಹೊಗೆಬಿಟ್ಟು ಸತ್ತಿತು. ಅಂಥದ್ದು ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಮೊಹಸಿನ ಕೆಲಸಕ್ಕೆಂದು ಕಾರವಾರಕ್ಕೆ ತಿರುಗಿ ಹೋದ.

ಆಷಾಢದ ಮೋಡ. ಕಪ್ಪತಗುಡ್ಡದ ಕಡೆಯಿಂದ ಗಾಳಿ ಹೊಯ್ ಎನ್ನುತ್ತಿತ್ತು, ಬಿಸಿಲಿಲ್ಲ. ಕೋಣೆಯ ಟ್ಯೂಬ್‌ಲೈಟಿನ ಕೆಳಗೆ ಹೂವು ದಿನಾ ಸ್ವಲ್ಪ ಸ್ವಲ್ಪ ಮುದುಡುತ್ತ ಬಂತು.

ಶಫೀಕ ನನ್ನನ್ನು ಚಹಾದಂಗಡಿಗೆ ಕರೆದೊಯ್ದ. ಚಹಾದ ಕಪ್ಪು-ಬಸಿ ಎರಡನ್ನೂ ಮುಂದಿಟ್ಟುಕೊಂಡು ಕುಡಿಯದೆ ಕುಳಿತ.

"ಹೋದ ವರ್ಷ ಆಕಿ ಬಾಯಿ ಬಿಟ್ಟಿದ್ದು ಆ ಹೂವು ನೋಡಿ, ಮೌನ್ಯಾ. ನನ್ನ ನೋಡಿ ಅಲ್ಲ, ಹಡದಾಕಿನ್ನ ನೋಡಿ ಅಲ್ಲ. ಅದು ಮುಚ್ಚಿಕೊಂಡ್ರ ಈಕಿನೂ ಮುಚ್ಚಿಕೋತಾಳ."

ಊರಿಗೆಲ್ಲ ಲೈಟ್ ಹಾಕುವವ, ಇದೊಂದು ಪೆಟ್ಟಿಗೆಗೆ ಹಾಕಲಾರೆಯಾ ಎಂದೆ ನಾನು.

"ಅದನ್ನ ಹೇಳಾಕ ಕರದೇನಿ. ಲೈಟ್ ನಾ ಮಾಡ್ತೇನಿ, ಅದರ ಪೆಟಗಿ ನೀ ಮಾಡಬೇಕು. ಈಗ ಚಹಾ ಕುಡಿ, ಆರಿ ಹೋತು."

ಮೊದಲ ದಿನ ಅವನು ಮಾಡಿದ್ದೇನು ಗೊತ್ತೇ? ಮದುವೆಯ ನೀಲಿ ಸರ ತಂದು ಟಾಕಿಯ ಸುತ್ತ ಸುತ್ತಿದ. ಹಚ್ಚಿದರೆ ಅದು ಓಡುತ್ತ, ನಿಲ್ಲುತ್ತ, ಮಿಣಮಿಣ ಅನ್ನುತ್ತ ಕುಣಿಯಿತು. ಮೀನೆರಡೂ ಹೆದರಿ ಕಲ್ಲಿನ ಸಂದಿ ಸೇರಿದವು. ಗುಲ್ನಾಜ ತಲೆದಿಂಬಿಗೆ ಮುಖ ಒತ್ತಿಕೊಂಡು ನಕ್ಕಳು. "ಅಬ್ಬಾ, ಮೀನಿನ ಲಗ್ನ ಇನ್ನೂ ಗೊತ್ತು ಮಾಡಿಲ್ಲ," ಎಂದಳು ಅಪ್ಪನಿಗೆ. ಒಳಗೆ ಭಜಿ ಕರಿಯುತ್ತಿದ್ದ ಬಾನುಬಿ ಆ ನಗು ಕೇಳಿ ಜಾರಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಎಣ್ಣೆ ತೊಟ್ಟಿಕ್ಕುತ್ತಿದ್ದರೂ ಅವಳಿಗೆ ಗೊತ್ತಾಗಲಿಲ್ಲ.

ಅಲ್ಲಿಂದ ಪಾಠ ಶುರುವಾಯಿತು. ಗುಲ್ನಾಜ ಮಲಗಿದಲ್ಲೇ ಹೇಳುವಳು, ಶಫೀಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೇಳುವನು. ಬಿಸಿಲು ಕಡಲಿಗೆ ಬಿದ್ದಾಗ ಮೊದಲು ಕೆಂಪು ಇಂಗಿ ಹೋಗುತ್ತದೆ, ಆಮೇಲೆ ಹಳದಿ. ಆಳಕ್ಕೆ ಉಳಿಯುವುದು ನೀಲಿ ಒಂದೇ. ಈ ಹೂವಿಗೆ ಆ ನೀಲಿಯದೇ ರೂಢಿ. ಮದುವೆ ಸರದ ನೀಲಿ ಬರೀ ಕಣ್ಣಿಗೆ, ಹೊಟ್ಟೆಗಲ್ಲ. ಗಟ್ಟಿ ನೀಲಿಯ ದೊಡ್ಡ ಎಲ್‌ಇಡಿ ಮಣಿ ಬೇಕು, ನಡುವೆ ಅಷ್ಟಿಷ್ಟು ಬಿಳಿ. ಶಫೀಕ ಫೋನಿನಲ್ಲಿ ಹುಡುಕಿ ಮುಂಬೈಯಿಂದ ಮಣಿ ತರಿಸಿದ. ಅವು ಬರುವುದು ತಡವಾಯಿತು. ತಂದೆ ಮಗಳ ಮಾತು ಮಾತ್ರ ನಿಲ್ಲಲಿಲ್ಲ. ಅವಳ ಮದುವೆಯಾದ ಮೇಲೆ ಅವರಿಬ್ಬರೂ ಇಷ್ಟು ಮಾತಾಡಿದ್ದು ನಾನು ಕಂಡಿರಲಿಲ್ಲ. ತಮ್ಮ ತಮ್ಮೊಳಗೆ ಉರ್ದು, ನಾನು ಹೋದರೆ ಕನ್ನಡ, ಜಗಳ ಬಂದರೆ ಎರಡೂ.

ಆ ಮಣಿಗಳು ಕಾಯುತ್ತವೆ, ಕಾವು ಹೀರಲು ಹಿಂದೆ ದಪ್ಪ ಅಲ್ಯುಮಿನಿಯಂ ಬೇಕು. ಶಫೀಕ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿಯ ಕೆಳಗಿನಿಂದ ಒಂದು ಕರಿ ಪೆಟ್ಟಿಗೆ ಎಳೆದ. ಅವನಪ್ಪನ ಮೈಕ್ ಸೆಟ್ಟಿನ ಆಂಪ್ಲಿಫೈಯರ್! ಸತ್ತು ಎಷ್ಟೋ ವರ್ಷವಾಗಿ, ಬಾನುಬಿಯ ಡಬ್ಬಿಗೆ ಪೀಠವಾಗಿತ್ತು. ಅದರ ಬೆನ್ನಿಗೆ ಬಿತ್ತಿದ ಸಾಲಿನಂತೆ ಅಲ್ಯುಮಿನಿಯಂ ರೆಕ್ಕೆಗಳು. ಬಿಚ್ಚುವಾಗ ಅವನು ಬಿಸ್ಮಿಲ್ಲಾ ಎಂದದ್ದು ನನಗೆ ಕೇಳಿತು. ಮಹಬೂಬಸಾಬರ ದನಿ ಹಾದುಹೋದ ಲೋಹ ಅದು, ನಾನೂ ಒಮ್ಮೆ ಮುಟ್ಟಿ ನೋಡಿದೆ. ಮೇಲೆ ಗಾಳಿಗೆ ಒಂದು ಹಳೇ ಕಂಪ್ಯೂಟರಿನ ಫ್ಯಾನು ಕೂಡಿಸಿದ. ಗದಗಿನ ಒಂದು ಪ್ರೆಸ್ಸಿನವರು ಎಸೆದದ್ದು. ಮಣಿಗಳಿಗೆ ಕರೆಂಟನ್ನು ಹದವಾಗಿ ಹಂಚುವ ಡಬ್ಬಿಗಳನ್ನು ನೀರು ತಾಗದಂತೆ ದೂರ ಗೋಡೆಗೆ ಬಡಿದ. ಒಂದೊಂದೇ ಮಣಿಗೆ ಬೆಸುಗೆ ಹಾಕುವಾಗ ನಾಲಿಗೆಯ ತುದಿ ಹೊರಗೆ, ಶಾಲೆಯಲ್ಲಿ ಗಣಿತ ಮಾಡುವಾಗ ಹೊರಗಿರುತ್ತಿತ್ತಲ್ಲ, ಹಾಗೇ.

ನಾನು ಸಾಗವಾನಿ ಪಟ್ಟಿಯಲ್ಲಿ ಪೆಟ್ಟಿಗೆ ಮಾಡಿ, ವಾರ್ನಿಶ್ ಬಳಿದು, ಕೆಳಗೆ ನೀರು ಸಿಡಿಯದಂತೆ ಪ್ಲಾಸ್ಟಿಕ್ ಗಾಜು ಕೂಡಿಸಿದೆ. ಕಬ್ಬಿಣದ ತಿರುಪು ಬೇಡ, ಉಪ್ಪುಗಾಳಿ ತಿಂದುಬಿಡುತ್ತದೆ ಎಂದಳು ಗುಲ್ನಾಜ. ಹಿತ್ತಾಳೆಯದು ಹಾಕಿದೆ.

ಈ ನಡುವೆ ನಮ್ಮವ್ವನ ಸೀರೆಯ ಸಂಗತಿ ಹೇಳಬೇಕು. ಅವ್ವ ಈ ಓಣಿಯ ಕೂಸುಗಳಿಗೆಲ್ಲ ನೀರೆರೆದವಳು. ಹಿಂದೂ, ಮುಸ್ಲಿಂ ಎಂದಿಲ್ಲ. ಹುಟ್ಟಿದ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆದು, ಹೊಗೆ ಹಾಕಿ, ಸುತ್ತಿ ಮಲಗಿಸುವುದು ಅವಳ ಕೆಲಸ. ಗುಲ್ನಾಜಳಿಗೂ ಎರೆದವಳು ಅವಳೇ. ಕೂಸಿನ ಮೈಗೆ ಹೊಸ ಬಟ್ಟೆ ಸೋಕಿಸಬಾರದು, ಮಕ್ಕಳೊಂದಿಗಳಾದ ಹೆಂಗಸು ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆಯೇ ಆಗಬೇಕು, ಅದನ್ನು ಮೊದಲೇ ಹರಿದು, ಒಗೆದು ಇಟ್ಟಿರಬೇಕು ಎಂಬುದು ನಮ್ಮ ಕಡೆಯ ರೂಢಿ. ಗುಲ್ನಾಜ ಬಂದ ಮರುದಿನವೇ ಅವ್ವ ತನ್ನ ಬೆಟಗೇರಿ ಸೀರೆಯೊಂದನ್ನು ಮಡಚಿ ತಂದು ಹಾಸಿಗೆಯ ಮೇಲಿಟ್ಟಳು. ಗುಲ್ನಾಜ ಅದನ್ನು ಬಿಚ್ಚಲೂ ಇಲ್ಲ.

"ಅಜ್ಜಿ, ಈಗ ಬ್ಯಾಡ. ಆಮ್ಯಾಲ ನೋಡೂನು," ಎಂದು ವಾಪಸು ಕೊಟ್ಟಳು. ಹೋದ ಸಲ ಕಾರವಾರದಲ್ಲಿ ಕೂಸಿನ ಬಟ್ಟೆಗಳನ್ನೆಲ್ಲ ಮೊದಲೇ ಹರಿದು, ಒಗೆದು, ಟ್ರಂಕಿನಲ್ಲಿ ಮಡಚಿಟ್ಟಿದ್ದರಂತೆ. ಅವ್ವ ಸೀರೆಯನ್ನು ಬಗಲಲ್ಲಿ ಇರುಕಿಕೊಂಡು ಬಂದಳು.

ದೀಪ ತಯಾರಾಯಿತು. ಶಫೀಕನ ಕೆಲಸದಲ್ಲಿ ಒಂದು ಪದ್ಧತಿ ಇದೆ. ಮದುವೆ ಮನೆಯ ಲೈಟಿಂಗನ್ನು ಬಿಡಿಬಿಡಿಯಾಗಿ ಹಚ್ಚಿ ತೋರಿಸಬಾರದು. ಸಂಜೆ ಎಲ್ಲ ದೀಪ ಆರಿಸಿ, ಮನೆಯ ಹಿರಿಯರ ಕೈಲಿ ಒಂದೇ ಗುಂಡಿ ಒತ್ತಿಸಬೇಕು, ಒಮ್ಮೆಲೇ ಇಡೀ ಓಣಿ ಬೆಳಗಬೇಕು, ಜನ ಹೋ ಎನ್ನಬೇಕು. ಅದಕ್ಕೆ ಅವರು ಚಾಲೂ ಅನ್ನುತ್ತಾರೆ. ಮಗಳ ಟಾಕಿಗೂ ಅವನು ಹಾಗೇ ಚಾಲೂ ಇಟ್ಟ. ಕಿಟಕಿ ಮುಚ್ಚಿಸಿದ, ಟ್ಯೂಬ್‌ಲೈಟ್ ಆರಿಸಿದ, ಬಾನುಬಿಯ ಕೈ ಹಿಡಿದು ಗುಂಡಿಯ ಮೇಲಿಟ್ಟ.

ಕೋಣೆ ನೀಲಿಯಾಯಿತು. ನನ್ನ ಬಿಳಿ ಅಂಗಿ ಉರಿದಂತೆ ಕಂಡಿತು, ಅವ್ವನ ಉಳಿದ ಹಲ್ಲುಗಳು ಹೊಳೆದವು. ನೀರಿನ ಅಲೆಯ ನೆರಳು ಚಾವಣಿಯ ಮೇಲೆ ಓಡಾಡಿತು. ಮತ್ತೆ ಹೂವು! ಅಲ್ಲಿಯವರೆಗೆ ಮಣ್ಣಿನ ಬಣ್ಣದ್ದಾಗಿ ಕಂಡದ್ದು, ಅಂಚಿಗೆ ಹಸಿರು ನಡುವೆ ಕೇಸರಿಯಾಗಿ ಕೆಂಡದಂತೆ ಹೊಳೆಯಿತು. ಗುಲ್ನಾಜ ಮೊಣಕೈ ಊರಿ ಎದ್ದು ನೋಡಿದಳು. ಏಳಬ್ಯಾಡ ಎಂದು ಯಾರೂ ಹೇಳಲಿಲ್ಲ.

ಮರುದಿನ ಮಧ್ಯಾಹ್ನದೊಳಗೆ ಹೂವು ಪೂರಾ ಮುಚ್ಚಿಕೊಂಡಿತು.

ಈಗ ಶಫೀಕ ಮಾಡಿದ ಕೆಲಸವನ್ನು ಲೈಟಿಂಗಿನವನಲ್ಲದೆ ಬೇರಾರೂ ಮಾಡುತ್ತಿರಲಿಲ್ಲ. ಮದುವೆ ಮನೆಯವರು ಮುಖ ಸಣ್ಣದು ಮಾಡಿದರೆ ಅವನ ಧಂದೆಯಲ್ಲಿ ಒಂದೇ ಔಷಧ: ಇನ್ನೊಂದು ಸರ ಜಾಸ್ತಿ ಬಿಡುವುದು. ಹೂವು ಮುಖ ಸಣ್ಣದು ಮಾಡಿದೆ, ಬೆಳಕು ಸಾಲದಾಗಿದೆ ಎಂದುಕೊಂಡ. ಉಳಿದಿದ್ದ ಮಣಿಗಳನ್ನೆಲ್ಲ ಇನ್ನೊಂದು ಸಾಲಾಗಿ ಬೆಸೆದ. ಗುಲ್ನಾಜಳೂ, ಹೌದು ಅಬ್ಬಾ, ಸಾಲವಲ್ದು ಅನಿಸತೈತಿ ಎಂದಳು. ಆದರೆ ಆಗ ಆಕೆಯ ದನಿ ಅರ್ಧವಾಗಿತ್ತು. ಎರಡು ಸಾಲು ಬೆಳಕಿನ ಕೆಳಗೆ ಹೂವಿನ ಒಂದು ಮಗ್ಗುಲು ಬಿಳಚಿತು. ಸುಟ್ಟ ಸುಣ್ಣದಂಥ ಬಿಳುಪು. ಒಂದು ಮೊಗ್ಗು ಕಲ್ಲಿನಿಂದ ಬಿಟ್ಟು ನೀರಿನಲ್ಲಿ ತೇಲಾಡಿ ಮೂಲೆ ಸೇರಿತು.

ಗುಲ್ನಾಜ ಗೋಡೆಯ ಕಡೆ ತಿರುಗಿ ಮಲಗಿದಳು. ಊಟಕ್ಕೆ ಎಬ್ಬಿಸಿದರೆ ಹಸಿವಿಲ್ಲ. ಮೊಹಸಿನನ ಫೋನು ಬಂದರೆ, ಆಮ್ಯಾಲ. ಬಾನುಬಿ ನಮ್ಮ ಮನೆಗೆ ಬಂದು ಅವ್ವನ ಎದುರು ಕೂತು ಸೆರಗಿನ ಅಂಚು ಎಳೆಯುತ್ತಿದ್ದಳು. ಅವ್ವ ಚಪ್ಪಲಿ ಮೆಟ್ಟಿಕೊಂಡು ಹೊರಟಳು, ಹಿಂದೆ ನಾನು.

ಕೋಣೆಗೆ ಕಾಲಿಟ್ಟವಳೇ ಅವ್ವ ಹಣೆಗೆ ಕೈ ಅಡ್ಡ ಹಿಡಿದಳು.

"ಅಯ್ಯ ಶಿವನ. ಶಫೀಕಾ, ಏನಿದು, ಕಣ್ಣು ಕುಕ್ಕತಾವಲ್ಲೋ."

ಹೂವಿಗೆ ಬೇಕಾದ ಬೆಳಕು ಎಂದ ಶಫೀಕ. ಅವನ ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಬೇಕಾಗಿದ್ದು ಖರೆ. ಇಷ್ಟು ದಿನ ಎಲ್ಲಿತ್ತು ಇದು? ಕತ್ತಲ್ಯಾಗ. ಹುಟ್ಟಿದ ಕೂಸಿನ ಕ್ವಾಣಿ ಬಾಗಲಕ್ಕ ಸೀರಿ ಯಾಕ ಕಟ್ಟತೇವಿ? ಬಿಸಲು ಕೆಟ್ಟದ್ದೇನು? ಕತ್ತಲ್ಯಾಗಿಂದ ಬಂದದ್ದಕ್ಕ ಬೆಳಕು ಹಗೂರಕ ತೋರಸಬೇಕಪಾ. ಒಮ್ಮಿಗೇ ತೋರಿಸಿದ್ರ ಅದು ಕಣ್ಣು ಬಿಡೂದಿಲ್ಲ, ಮುಚ್ಚತೈತಿ."

ಟಾಕಿಯ ಪಂಪು ಬುಳುಬುಳು ಅನ್ನುತ್ತಿತ್ತು. ಗೋಡೆಯ ಕಡೆಯಿಂದ ಗುಲ್ನಾಜಳ ದನಿ ಬಂತು.

"ಅಬ್ಬಾ, ಅಜ್ಜಿ ಅಂದದ್ದು ಹೌದಿರಬೇಕು. ಮೊಹಸಿನಗ ಫೋನ್ ಹಚ್ಚು."

ಮೊಹಸಿನ ತನಗೆ ಚೂರು ಕೊಟ್ಟ ಗೆಳೆಯನನ್ನು ಕೇಳಿ ತಿರುಗಿ ಫೋನು ಮಾಡಿದ. ಅದೇ ಮಾತು. ಹೊಸ ದೀಪ ಹಾಕಿದಾಗ ಮೊದಲು ಅರೆಬೆಳಕಿನಲ್ಲಿಟ್ಟು ವಾರಗಟ್ಟಲೆ ಮೆಲ್ಲಗೆ ಏರಿಸಬೇಕಂತೆ. ಗುಲ್ನಾಜ ತಾನೂ ಎಲ್ಲೋ ಓದಿದ್ದೆ, ತಲೆ ನೆಟ್ಟಗಿರಲಿಲ್ಲ ಎಂದಳು. ಶಫೀಕ ಆಗಲೇ ದೀಪ ಆರಿಸಿದ್ದ. ಬೆಳಕು ಕಡಿಮೆ ಮಾಡುವುದೆಂದರೆ ಅವನಿಗೆ ಗೊತ್ತಿದ್ದದ್ದು ಸೀಲಿಂಗ್ ಫ್ಯಾನಿನ ರೆಗ್ಯುಲೇಟರು. ಅದನ್ನೇ ಕಿತ್ತು ತಂದು ಜೋಡಿಸಿದ. ಹಳೇ ಬಲ್ಬುಗಳಾದರೆ ಮಂಕಾಗುತ್ತಿದ್ದವೋ ಏನೋ, ಈ ಮಣಿಗಳು ಜ್ವರ ಬಂದವರಂತೆ ನಡುಗಿದವು. ಬಿಚ್ಚಿ ಬಿಸಾಕಿದ. ಎರಡನೇ ಸಾಲನ್ನೂ ಕಿತ್ತು ಹಾಕಿದ, ಆದರೂ ಮೊದಲ ಸಾಲೇ ಜಾಸ್ತಿ. ಪೆಂಡಾಲಿನ ಬಟ್ಟೆ ಅಡ್ಡ ಹಿಡಿದು ನೋಡಿದರೆ ಅದು ಕಂಬಳಿಯಷ್ಟು ದಪ್ಪ, ಮೇಲಾಗಿ ಗುಲಾಬಿ ಬಣ್ಣ.

"ತೆಳ್ಳಂದು ಬೇಕು," ಎಂದಳು ಅವ್ವ. "ಬೆಳಕು ಸೋಸಿ ಬಿಡಬೇಕು. ಹಾಲು ಸೋಸಿದಂಗ."

ಎದ್ದು ಹೋದಳು. ಬರುವಾಗ ಕೈಯಲ್ಲಿ ಆ ಸೀರೆ ಇತ್ತು.

ಬಾನುಬಿ ನೋಡಿದಳು, ನಾನೂ ನೋಡಿದೆ, ಗುಲ್ನಾಜಳೂ ನೋಡಿದಳು. ಅಂಚು ಮಾಸಿ ಬೂದಿ ಬಣ್ಣವಾಗಿದ್ದ, ಬೆಳಕಿಗೆ ಹಿಡಿದರೆ ಬೆರಳು ಕಾಣುವಷ್ಟು ಸವೆದ ಸೀರೆ. ಬಾನುಬಿ ಅವ್ವನ ಕೈ ಮುಟ್ಟಿ, ಬೇರೆ ಯಾವುದಾದರೂ ಹಳೇ ದುಪಟ್ಟಾ ಹುಡುಕುತ್ತೇನೆ ಎಂದು ಮೆಲ್ಲಗೆ ಹೇಳಿದಳು. ಅವ್ವ ಹಾಸಿಗೆಯ ಹತ್ತಿರ ಹೋಗಿ ನಿಂತಳು.

"ಇದು ಹೂವಿಗೆ, ನನ ಮಗಳ. ನಿನಗಲ್ಲ. ಹರಿಯಲೇನು?"

ಗುಲ್ನಾಜ ಬಹಳ ಹೊತ್ತು ಸೀರೆಯನ್ನೇ ನೋಡಿದಳು.

"ಹರಿ ಅಜ್ಜಿ," ಎಂದಳು.

ಅವ್ವ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಸೀಳು ಮಾಡಿ, ಎರಡು ಕೈಯಲ್ಲಿ ಎಳೆದಳು. ಸವೆದ ಹತ್ತಿಗೆ ಹೆಚ್ಚು ಸಪ್ಪಳವಿರುವುದಿಲ್ಲ, ಆದರೂ ಆ ಸಪ್ಪಳಕ್ಕೆ ಬಾನುಬಿ ಕಣ್ಣು ಮುಚ್ಚಿಕೊಂಡಳು. ಗುಲ್ನಾಜ ಮುಚ್ಚಲಿಲ್ಲ.

ಬಟ್ಟೆ ಕಾವಿಗೆ ತಾಗಬಾರದು, ನೀರಿಗೂ ಇಳಿಬೀಳಬಾರದು. ನಾನು ಮನೆಗೆ ಓಡಿ ಪಟ್ಟಿ ಕತ್ತರಿಸಿ, ಜರಡಿಯ ಚೌಕಟ್ಟಿನಂಥ ಒಂದು ಚೌಕಟ್ಟು ಮಾಡಿ ತಂದೆ. ಅದನ್ನು ದೀಪಕ್ಕೂ ನೀರಿಗೂ ನಡುವೆ ಕೂಡಿಸಿ, ಸೀರೆಯ ತುಂಡುಗಳನ್ನು ನಾಲ್ಕು ಪದರಾಗಿ ಬಿಗಿದೆವು. ಈ ಸಲ ಚಾಲೂ ಇಲ್ಲ, ಕಿಟಕಿ ಮುಚ್ಚಲಿಲ್ಲ, ಯಾರನ್ನೂ ಕರೆಯಲಿಲ್ಲ. ಶಫೀಕ ತಾನೇ ಗುಂಡಿ ಒತ್ತಿದ. ನೀಲಿ ಬಂತು, ಬೆಳಗಿನ ಜಾವದ ನೀಲಿಯಷ್ಟು.

ಆಮೇಲೆ ಕಾಯುವ ಕೆಲಸ. ಶಫೀಕನಂಥವನಿಗೆ ಅದು ಸಾಧ್ಯವಾಗುವ ಕೆಲಸವಲ್ಲ. ಹತ್ತು ಸಲ ಕೋಣೆಗೆ ಹೋಗುವನು, ಬರುವನು. ಲಕ್ಷ್ಮೇಶ್ವರದವರು ಶ್ರಾವಣದ ಮದುವೆಗೆ ಲೈಟಿಂಗ್ ಕೇಳಲು ಬಂದರೆ, ನಮ್ಮ ಮನೆಯಲ್ಲಿ ಒಂದು ಹೂವಿಗೆ ಮೈಯಲ್ಲಿ ಆರಾಮಿಲ್ಲ ಎಂದು ಹೇಳಿ ಕಳಿಸಿದ. ಅವರು ನನ್ನನ್ನು ನಿಲ್ಲಿಸಿ, ಸಾಹೇಬರು ನೆಟ್ಟಗಿದ್ದಾರಾ ಎಂದು ಕೇಳಿದರು. ಬೆಳಕು ಸಾಕಾಗಲಿಕ್ಕಿಲ್ಲ, ಒಂದು ಪದರು ತೆಗೆಯೋಣವಾ ಎಂದು ಅವನು ಗೋಗರೆದರೆ ಗುಲ್ನಾಜ ತೆಗೆಯಗೊಡಲಿಲ್ಲ. ಗೋಡೆಯ ಕಡೆ ಮುಖ ಮಾಡಿದ್ದವಳು ಅದಕ್ಕಾಗಿಯಾದರೂ ಈ ಕಡೆ ತಿರುಗಿ ಮಲಗಬೇಕಾಗಿತ್ತು. ಅಬ್ಬಾನ ಕೈ ಮೇಲೆ ಕಣ್ಣಿಡಬೇಕಲ್ಲ.

ಬಿಳಚಿದ ಮಗ್ಗುಲು ಉಳಿಯಲಿಲ್ಲ. ಅದು ಕರಗಿ ಹೋಗಿ ಕಲ್ಲು ಕಂಡಿತು. ಶಫೀಕ ಅದನ್ನು ನೋಡಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ನಾನೂ ಹೋಗಿ ಕೂತೆ. ಅಷ್ಟರಲ್ಲಿ ಒಳಗಿನಿಂದ ಗುಲ್ನಾಜ ಕರೆದಳು, ನಮ್ಮಿಬ್ಬರನ್ನೂ, ಜೋರಾಗಿ ಅಲ್ಲ.

ಕಲ್ಲಿನ ಇನ್ನೊಂದು ಮಗ್ಗುಲಿನಲ್ಲಿ ಒಂದು ಮೊಗ್ಗು ಅಂಚು ಬಿಚ್ಚಿತ್ತು. ಸುತ್ತಲಿನ ಎಳೆಗಳು ಕೂಸಿನ ರೆಪ್ಪೆಗಳಂತೆ ನೀರಿನಲ್ಲಿ ಆಡುತ್ತಿದ್ದವು. ನಾವು ಮೂವರೂ ಬಾಗಿ ನೋಡಿದೆವು, ನಾಲ್ಕನೆಯವಳಾಗಿ ಬಾನುಬಿ ಬಂದು ತೂರಿದಳು. ಶಫೀಕ ಗಾಜಿನ ಮೇಲೆ ಬೆರಳಿಟ್ಟವನು ತೆಗೆಯಲೇ ಇಲ್ಲ.

ಆಮೇಲೆ ಪದರು ತೆಗೆಯುವುದು ಗುಲ್ನಾಜಳ ಅಪ್ಪಣೆಯ ಮೇಲೆ. ಹೂವುಗಳು ಪೂರಾ ಅರಳಿ, ಹಾಗೇ ಅರಳಿಕೊಂಡೇ ಇವೆ ಎಂದು ಮನಸ್ಸಿಗೆ ಬಂದಮೇಲೆ, ತೆಗಿ ಕಾಕಾ ಎನ್ನುವಳು. ನಾನು ಒಂದು ತುಂಡು ಬಿಚ್ಚಿ ಕೊಡುವೆ. ಅದರ ಮೇಲೆ ಸಿಡಿದ ನೀರು ಒಣಗಿ ಉಪ್ಪು ಸಕ್ಕರೆಯಂತೆ ಕೂತಿರುತ್ತಿತ್ತು. ಆ ತುಂಡುಗಳನ್ನು ಅವಳು ಯಾರಿಗೂ ಕೊಡಲಿಲ್ಲ, ದಿಂಬಿನ ಬದಿಗೆ ಇಟ್ಟುಕೊಂಡಳು. ಬಾನುಬಿ ನೋಡಿಯೂ ನೋಡದವಳಂತೆ ಹಾಸಿಗೆ ಜಾಡಿಸುವಾಗ ಅವನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟಳು.

ಕೊನೆಯ ಪದರು ತೆಗೆದ ದಿನ ಅವ್ವನೂ ಬಂದಿದ್ದಳು. ಹೂವುಗಳು ಹಿಂದೆ ಇದ್ದುದಕ್ಕಿಂತ ಕಡಿಮೆ, ಆದರೆ ಉಳಿದವು ಮಹಬೂಬಸಾಬರ ಲೋಹದ ಕೆಳಗೆ ನೇರ ಬೆಳಕಿನಲ್ಲಿ ಹಸಿರು ಕೇಸರಿಯಾಗಿ ತೂಗುತ್ತಿದ್ದವು. ಇದಕ್ಕೆ ಸಾಂಬ್ರಾಣಿ ಹೊಗೆ ಹಾಕುವುದೊಂದು ಬಾಕಿ ಎಂದಳು ಅವ್ವ. ಎಲ್ಲರೂ ನಕ್ಕು ಮುಗಿದಮೇಲೆ ಗುಲ್ನಾಜ ದಿಂಬಿನ ಬದಿಯಿಂದ ಆ ತುಂಡುಗಳನ್ನು ಎತ್ತಿಕೊಂಡು, ಬೆರಳಿನಲ್ಲಿ ಉಪ್ಪು ಉದುರಿಸುತ್ತ ಕೇಳಿದಳು.

"ಅಜ್ಜಿ, ಇದರ ಉಪ್ಪು ಹೋಗತೈತೇನು?"

"ಸಿಹಿ ನೀರಾಗ ನೆನಿ ಇಟ್ರ ಹೋಗತೈತಿ."

"ಆಮ್ಯಾಲ ಮೆತ್ತಗ ಆಗತೈತೇನು, ಮೊದಲಿನಂಗ?"

ಅವ್ವ ಬಾನುಬಿಯ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. "ಬಿಸಲಿಗೆ ಹಾಕಿ ತಿಕ್ಕಬೇಕು," ಎಂದಳು. "ಆಗತೈತಿ."

ಮರುದಿನ ಮೋಡ ಹರಿದು ಬಿಸಿಲು ಬಿದ್ದಿತ್ತು. ನಾನು ನಮ್ಮ ಹಿತ್ತಲಿನಲ್ಲಿ ಹಲಗೆಗೆ ರಂದಾ ಹೊಡೆಯುತ್ತಿದ್ದೆ. ಬಾನುಬಿ ಬುಟ್ಟಿ ಹಿಡಿದುಕೊಂಡು ಹೊರಗೆ ಬಂದಳು. ಬುಟ್ಟಿಯಲ್ಲಿ ಸಣ್ಣ ಸಣ್ಣ ಚೌಕ, ಕೂಸಿನ ಅಳತೆಗೆ ನೆಟ್ಟಗೆ ಕತ್ತರಿಸಿದವು, ಬೂದಿ ಬಣ್ಣದ ಅಂಚಿನವು. ತಂತಿಯ ಮೇಲೆ ಎಂದಿನಂತೆ ಶಫೀಕನ ಸರಗಳು ತೂಗಾಡುತ್ತಿದ್ದವು, ಹಗಲಿನಲ್ಲೇ ಕೆಂಪು, ಹಸಿರಾಗಿ ಮಿಣುಕುತ್ತಿದ್ದವು. ಬಾನುಬಿ ಗೊಣಗಲಿಲ್ಲ, ಬುಟ್ಟಿ ಹಿಡಿದು ಸುಮ್ಮನೆ ನಿಂತಳು. ಶಫೀಕ ಬಾಗಿಲಿಗೆ ಬಂದವನು ಬುಟ್ಟಿಯನ್ನು ನೋಡಿದ. ಪ್ಲಗ್ಗು ಕಿತ್ತ, ಸರಗಳನ್ನು ಒಂದೊಂದಾಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ತಂತಿ ಖಾಲಿಯಾದಮೇಲೆ ಅಂಗಿಯ ತುದಿಯಿಂದ ಅದನ್ನು ಈ ಕೊನೆಯಿಂದ ಆ ಕೊನೆಯವರೆಗೆ ಒರೆಸಿದ.